ಸವಳು ಹೊಲದ ಟೊಮೆಟೊಗೆ ನುಗ್ಗೆ ಸೊಪ್ಪಿನ ರಸ: ಎಷ್ಟು ನಂಬಬಹುದು?

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ಇದು ಗೊತ್ತಿರೋ ಕಥೆ. ತುಂಗಭದ್ರಾ ಕಾಲುವೆ ನೀರು ಬಂತು, ಭತ್ತ ಬಂತು, ಹಿಂದೆಯೇ ಸವಳು-ಜವಳೂ ಬಂತು. ಅಂಥ ಹೊಲದಲ್ಲಿ ಟೊಮೆಟೊ ಹಚ್ಚಿದರೆ ಎಲೆಯ ಅಂಚು ಸುಡುತ್ತೆ, ಗಿಡ ಗಿಡ್ಡ ಆಗುತ್ತೆ. 'ಉಪ್ಪು ತಡೆಯೋ ಟಾನಿಕ್' ಬಾಟಲಿಗೆ ದುಡ್ಡು ಹಾಕೋ ಮುಂಚೆ ಇಷ್ಟು ತಿಳ್ಕೊಳ್ಳಿ.

ಉಪ್ಪು ಏನು ಮಾಡುತ್ತೆ?
ಮಣ್ಣಲ್ಲಿ ನೀರಿದ್ದರೂ ಬೇರಿಗೆ ಎಳೆದುಕೊಳ್ಳೋಕೆ ಆಗಲ್ಲ. ಜೊತೆಗೆ ಸೋಡಿಯಂ ಒಳಗೆ ಸೇರಿ ಪೊಟ್ಯಾಷಿಯಂ ಜಾಗ ಹಿಡಿಯುತ್ತೆ. ಪಾಲಕ್, ಬೀಟ್‌ರೂಟ್ ಗಿಡಗಳು ಗ್ಲೈಸಿನ್ ಬೀಟೈನ್ ಅನ್ನೋ ಪದಾರ್ಥವನ್ನು ತಾವೇ ಮಾಡಿಕೊಂಡು ಜೀವಕೋಶದಲ್ಲಿ ನೀರು ಉಳಿಸಿಕೊಳ್ಳುತ್ತವೆ. ಟೊಮೆಟೊ ಅದನ್ನು ಕೂಡಿಟ್ಟುಕೊಳ್ಳಲ್ಲ. ಅದಕ್ಕೇ ಹೊರಗಿನಿಂದ ಸಿಂಪಡಿಸೋದು.

ಮನೆಯಲ್ಲೇ ಆಗೋದು ನುಗ್ಗೆ
ಎಳೆ ನುಗ್ಗೆ ಸೊಪ್ಪಲ್ಲಿ ಜಿಯಾಟಿನ್ ಅನ್ನೋ ಬೆಳವಣಿಗೆ ಹಾರ್ಮೋನ್, ವಿಟಮಿನ್ ಸಿ, ಪೊಟ್ಯಾಷಿಯಂ ಇವೆ. 1 ಕೆಜಿ ಎಳೆ ಸೊಪ್ಪಿಗೆ 100 ಮಿಲಿ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. 1 ಲೀಟರ್ ರಸಕ್ಕೆ 30 ಲೀಟರ್ ನೀರು ಬೆರೆಸಿ. ಅವತ್ತೇ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಸಸಿ ನಾಟಿ ಆಗಿ ಬೇರು ಹಿಡಿದ ಮೇಲೆ ಒಮ್ಮೆ, ಹೂವಿಗೆ ಮುಂಚೆ ಒಮ್ಮೆ.

ಆದರೆ ಒಂದು ಮಾತು
ಯಾವ ರಸವೂ ಮಣ್ಣಿನ ಉಪ್ಪು ತೆಗೆಯಲ್ಲ. ಅದು ಗಿಡಕ್ಕೆ ಹಿಡಿಯೋ ಕೊಡೆ ಅಷ್ಟೇ, ಮಳೆ ನಿಲ್ಲಿಸಲ್ಲ. ಟೊಮೆಟೊ ಇಸಿ 2.5 ದಾಟಿದ ಮೇಲೆ ಪ್ರತಿ 1 ಅಂಕಕ್ಕೆ ಸುಮಾರು ಶೇ. 10ರಷ್ಟು ಇಳುವರಿ ಬಿಡುತ್ತೆ. ಬೀನ್ಸ್ 1ಕ್ಕೇ ಸೋಲುತ್ತೆ, ಬೀಟ್‌ರೂಟ್ 4ರವರೆಗೆ ತಡೆಯುತ್ತೆ. ಈ ಅಂಕಿಗಳು ನೀರು ತುಂಬಿಸಿದ ಮಣ್ಣಿನಿಂದ ಹಿಂಡಿದ ಸಾರದವು. ಲ್ಯಾಬ್‌ನಲ್ಲಿ 1:2.5 ಅಳತೆಯಲ್ಲಿ ನೋಡಿದ್ದರೆ ಅಂಕಿ ಕಡಿಮೆ ಬರುತ್ತೆ, ಕೇಳಿ ತಿಳ್ಕೊಳ್ಳಿ.

ಮೊದಲು ಮಾಡಬೇಕಾದ್ದು
• ಬಸಿಗಾಲುವೆ ತೆಗೀರಿ, ಒಳ್ಳೆ ನೀರು ಕೊಟ್ಟು ಉಪ್ಪು ಕೆಳಗಿಳಿಸಿ.
• ಬೋದಿನ ನೆತ್ತಿಯಲ್ಲಿ ಉಪ್ಪು ಕೂರುತ್ತೆ, ಸಸಿ ಪಕ್ಕಕ್ಕೆ ನೆಡಿ.
• ಹುಲ್ಲು, ರವದಿ ಮುಚ್ಚಿಗೆ ಹಾಕಿ.
• ಜಿಪ್ಸಂ ಬೇಕಿರೋದು ಪಿಎಚ್ 8.5 ದಾಟಿದ ಕ್ಷಾರ ಮಣ್ಣಿಗೆ. ಬರೀ ಉಪ್ಪಿನ ಮಣ್ಣಿಗೆ ಅದು ದಂಡ.

ಇಷ್ಟಾದ ಮೇಲೆ ನುಗ್ಗೆ ರಸ ಹೊಡೀರಿ, ನಾಲ್ಕು ಸಾಲು ಹೊಡೆಯದೆ ಬಿಡಿ. ಎರಡೂ ಕಡೆ ಕಾಯಿ ಬೇರೆ ಬೇರೆ ತೂಕ ಮಾಡಿ ಫೋನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಬೆಳೆಗೆ ಬೇಕೋ ಬೇಡವೋ ಅಂತ ಆ ಲೆಕ್ಕವೇ ಹೇಳುತ್ತೆ.