ಬಾಯಿಪಾಠ ಸಾಲದ ಸಂದರ್ಶನ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷ ಆರಂಭವಾಯಿತೆಂದರೆ ಪಾಠ ಹಿಂದಕ್ಕೆ ಸರಿದು ಕ್ಯಾಂಪಸ್ ಸಂದರ್ಶನದ ಚಿಂತೆ ಮುಂದಕ್ಕೆ ಬರುತ್ತದೆ. ಹಾಸ್ಟೆಲ್ ಕೋಣೆಗಳಲ್ಲಿ ಪ್ರಶ್ನೋತ್ತರಗಳ ಜೆರಾಕ್ಸ್ ಕಟ್ಟುಗಳು ಕೈಯಿಂದ ಕೈಗೆ ದಾಟುತ್ತವೆ. ಮೊಬೈಲ್‌ಗಳಲ್ಲಿ ‘ಕಳೆದ ವರ್ಷ ಕೇಳಿದ ಪ್ರಶ್ನೆಗಳು’ ಹರಿದಾಡುತ್ತವೆ. ಸಾಲ ಮಾಡಿ ಶುಲ್ಕ ಕಟ್ಟಿದ ತಂದೆ ತಾಯಿ ಊರಿನಲ್ಲಿ ಒಂದು ಕರೆಗಾಗಿ ಕಾಯುತ್ತಿರುತ್ತಾರೆ. ಇಷ್ಟೆಲ್ಲ ಸಿದ್ಧತೆಯ ನಂತರವೂ ಒಳ್ಳೆಯ ಅಂಕ ಪಡೆದ ಎಷ್ಟೋ ವಿದ್ಯಾರ್ಥಿಗಳು ಅರ್ಧ ಗಂಟೆಯ ಮಾತುಕತೆಯಲ್ಲಿ ಎಡವುವುದೇಕೆ?

‘ಇಂಗ್ಲಿಷ್ ಬಾರದು’ ಎಂಬುದು ಸಿದ್ಧ ಉತ್ತರ. ಅದರಲ್ಲಿ ಸತ್ಯಾಂಶವಿದ್ದರೂ ಪೂರ್ಣ ಸತ್ಯವಿಲ್ಲ. ಎಸ್ಸೆಸ್ಸೆಲ್ಸಿಯಿಂದ ಎಂಜಿನಿಯರಿಂಗ್‌ವರೆಗೆ ನಮ್ಮ ಮಕ್ಕಳು ಬರೆದೇ ತೇರ್ಗಡೆಯಾಗುತ್ತಾರೆ. ‘ಹೀಗೇ ಏಕೆ? ಬೇರೆ ರೀತಿ ಮಾಡಿದರೆ ಏನಾಗುತ್ತದೆ?’ ಎಂದು ಅವರನ್ನು ಎದುರು ನಿಲ್ಲಿಸಿ ಕೇಳಿದವರು ವಿರಳ. ಕಂಪ್ಯೂಟರ್ ಕ್ಷೇತ್ರದ ಸಂದರ್ಶನ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆಯೇ.

ಸಾಮಾನ್ಯವಾಗಿ ಆಯ್ಕೆಗೆ ಮೂರು ಹಂತಗಳಿರುತ್ತವೆ. ಗಣಿತ, ತರ್ಕ ಮತ್ತು ಪ್ರೋಗ್ರಾಮಿಂಗ್ ಒಳಗೊಂಡ ಪರೀಕ್ಷೆ ಮೊದಲನೆಯದು. ಎರಡನೆಯದು ತಾಂತ್ರಿಕ ಸಂದರ್ಶನ. ಸಂಬಳ, ಊರು, ಸ್ವಭಾವಗಳನ್ನು ಕುರಿತ ಎಚ್‌.ಆರ್. ಸುತ್ತು ಕೊನೆಯದು. ಮೊದಲನೆಯದನ್ನು ಅಭ್ಯಾಸದಿಂದಲೂ ಮೂರನೆಯದನ್ನು ಪ್ರಾಮಾಣಿಕತೆಯಿಂದಲೂ ದಾಟಬಹುದು. ಕಂಠಪಾಠ ಕೈಕೊಡುವುದು ನಡುವಿನ ಹಂತದಲ್ಲಿ.

ಒಂದು ಉದಾಹರಣೆ ನೋಡೋಣ. ಅಕಾರಾದಿಯಾಗಿ ಜೋಡಿಸಿದ ಹತ್ತು ಲಕ್ಷ ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕಬೇಕು. ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋದರೆ ಹತ್ತು ಲಕ್ಷ ಸಲ ಹೋಲಿಸಬೇಕಾದೀತು. ನಿಘಂಟು ನೋಡುವಾಗ ಮಾಡುವಂತೆ ನಡುವೆ ತೆರೆದು, ಬೇಡವಾದ ಅರ್ಧವನ್ನು ಪ್ರತಿಸಲವೂ ಬಿಡುತ್ತ ಹೋದರೆ ಸುಮಾರು 20 ಹೋಲಿಕೆಗಳು ಸಾಕು. ‘ಬೈನರಿ ಸರ್ಚ್’ ಎಂಬ ಈ ವಿಧಾನದ ವ್ಯಾಖ್ಯೆ ಎಲ್ಲರಿಗೂ ಬಾಯಿಗೆ ಬರುತ್ತದೆ. ಆದರೆ ಸಂದರ್ಶಕರು ಅಲ್ಲಿಗೆ ನಿಲ್ಲುವುದಿಲ್ಲ. ಪಟ್ಟಿ ಖಾಲಿಯಿದ್ದರೆ? ಹುಡುಕುವ ಹೆಸರೇ ಇಲ್ಲದಿದ್ದರೆ? ಜೋಡಿಸದ ಪಟ್ಟಿಯಲ್ಲಿ ಒಂದೇ ಸಲ ಹುಡುಕಬೇಕಿದ್ದರೆ ಮೊದಲು ಜೋಡಿಸುವ ಶ್ರಮ ಲಾಭದಾಯಕವೇ? ಜೆರಾಕ್ಸ್ ಕಟ್ಟು ಮೌನವಾಗುವುದು ಇಲ್ಲಿಯೇ.

ಈ ಸರಳ ವಿಧಾನ ಘಟಾನುಘಟಿಗಳನ್ನೂ ಮುಗ್ಗರಿಸುವಂತೆ ಮಾಡಿದೆ. ಅನುಭವಿ ಪ್ರೋಗ್ರಾಮರ್‌ಗಳಿಗೆ ಇದನ್ನು ಬರೆಯಲು ಹೇಳಿದಾಗ ಬಹುಪಾಲು ಮಂದಿ ತಪ್ಪು ಮಾಡಿದರೆಂದು ಜಾನ್ ಬೆಂಟ್ಲಿ 1986ರ ತಮ್ಮ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಕೃತಿಯಲ್ಲಿ ದಾಖಲಿಸಿದರು. ಅವರು ಕೊಟ್ಟ ಮಾದರಿಯಲ್ಲೂ ಒಂದು ದೋಷವಿತ್ತು! ಜಾವಾ ಭಾಷೆಗಾಗಿ ತಾವು ಬರೆದ ಪ್ರೋಗ್ರಾಮಿನಲ್ಲೂ ಅದೇ ದೋಷ ವರ್ಷಗಟ್ಟಲೆ ಅಡಗಿತ್ತೆಂದು ಜೋಶುವಾ ಬ್ಲಾಕ್ 2006ರಲ್ಲಿ ಬಹಿರಂಗಪಡಿಸಿದರು. ಪಟ್ಟಿ ಅತಿ ದೊಡ್ಡದಾದಾಗ ಅದರ ಎರಡು ತುದಿಗಳ ಸಂಖ್ಯೆಗಳನ್ನು ಕೂಡಿದರೆ ಮೊತ್ತ ಕಂಪ್ಯೂಟರಿನ ಮಿತಿಯನ್ನು ಮೀರುತ್ತಿತ್ತು. ದಿಗ್ಗಜರ ಕಥೆಯೇ ಹೀಗಿರುವಾಗ ಇಪ್ಪತ್ತೊಂದರ ತರುಣಿಯಿಂದ ದೋಷರಹಿತ ಉತ್ತರವನ್ನು ವಿವೇಕಿಯಾದ ಸಂದರ್ಶಕರು ನಿರೀಕ್ಷಿಸುವುದಿಲ್ಲ. ತಾನು ಬರೆದುದನ್ನು ತಾನೇ ಸಂಶಯದಿಂದ ಪರೀಕ್ಷಿಸುವ ಗುಣ ಆಕೆಯಲ್ಲಿ ಇದೆಯೇ ಎಂಬುದನ್ನು ಅವರು ನೋಡುತ್ತಾರೆ.

ಸಿದ್ಧತೆಯ ಬಹುಮುಖ್ಯ ಭಾಗ ಅಂತಿಮ ವರ್ಷದ ಪ್ರಾಜೆಕ್ಟ್. ದುಡ್ಡು ಕೊಟ್ಟರೆ ವರದಿಯ ಸಮೇತ ಸಿದ್ಧ ಪ್ರಾಜೆಕ್ಟ್ ಒದಗಿಸುವ ಅಂಗಡಿಗಳು ಬೆಂಗಳೂರಿಗೆ ಹೊಸದಲ್ಲ. ಕೊಂಡ ಪ್ರಾಜೆಕ್ಟಿಗೆ ಎಷ್ಟೇ ಭಾರಿ ಹೆಸರಿದ್ದರೂ ಎರಡನೆಯ ಪ್ರಶ್ನೆಗೆ ಅದರ ಬಣ್ಣ ಬಯಲಾಗುತ್ತದೆ. ಅದರ ಬದಲು ತನ್ನೂರಿನ ಹಾಲಿನ ಡೇರಿಯ ಲೆಕ್ಕಕ್ಕೆ ಪುಟ್ಟ ಪ್ರೋಗ್ರಾಂ ಬರೆದ ಹುಡುಗನನ್ನು ಊಹಿಸಿಕೊಳ್ಳಿ. ಬೆಳಿಗ್ಗೆ, ಸಂಜೆ ಹಾಕಿದ ಹಾಲೆಷ್ಟು, ಕೊಬ್ಬಿನಂಶವೆಷ್ಟು, ಸದಸ್ಯನಿಗೆ ಸಲ್ಲಬೇಕಾದ ಹಣವೆಷ್ಟು ಎಂಬುದಷ್ಟೇ ಅದರ ಕೆಲಸ. ಒಬ್ಬನ ಹಾಲು ಎರಡು ಸಲ ದಾಖಲಾಗದಂತೆ ತಡೆಯುವುದು ಹೇಗೆ? ನಮೂದಿಸುವಾಗಲೇ ವಿದ್ಯುತ್ ಹೋದರೆ? ತಿಂಗಳ ನಡುವೆ ದರ ಬದಲಾದರೆ ಹಳೆಯ ಬಿಲ್ಲು ಕೆಡದಂತೆ ಏನು ಮಾಡಬೇಕು? ಇವನ್ನು ಎದುರಿಸಿ ಬಗೆಹರಿಸಿದವನಿಗೆ ಡೇಟಾಬೇಸ್ ವಿಷಯದ ಅರ್ಧ ಪಠ್ಯ ಅನುಭವದಿಂದಲೇ ದಕ್ಕಿರುತ್ತದೆ. ಬಯೊಡೇಟಾದಲ್ಲಿ ಬರೆದ ಪ್ರತಿಯೊಂದು ಪದದ ಮೇಲೂ ಪ್ರಶ್ನೆ ಬರಬಹುದು. ಉತ್ತರಿಸಲಾಗದ್ದನ್ನು ಬರೆಯದಿರುವುದೇ ಲೇಸು.

ಇನ್ನು ಭಾಷೆಯ ಅಳುಕು. ಕನ್ನಡ ಮಾಧ್ಯಮದಿಂದ ಬಂದವರು ಒಂದು ವಿಷಯವನ್ನು ಮೊದಲು ಗೆಳೆಯನಿಗೆ ಕನ್ನಡದಲ್ಲಿಯೇ ವಿವರಿಸಿ ನೋಡಬೇಕು. ಅಲ್ಲಿ ತಡವರಿಸಿದರೆ ಕೊರತೆ ಇಂಗ್ಲಿಷಿನದಲ್ಲ, ವಿಷಯದ್ದು ಎಂದು ತಿಳಿಯಬೇಕು. ಅಲ್ಲಿ ಸ್ಪಷ್ಟವಾದ ಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಳ್ಳಬಹುದು. ತಿಳಿಯದುದನ್ನು ‘ತಿಳಿಯದು, ಆದರೆ ಹೀಗೆ ಹುಡುಕುತ್ತೇನೆ’ ಎನ್ನುವುದರಲ್ಲಿ ಅವಮಾನವೇನೂ ಇಲ್ಲ.

ಕಾಲಕ್ಕೆ ತಕ್ಕಂತೆ ಪ್ರಶ್ನೆಗಳೂ ಬದಲಾಗುತ್ತವೆ. ಒಗಟಿನಂಥ ಪ್ರಶ್ನೆಗಳಿಂದ ಕಾಲಹರಣವಾಯಿತೇ ಹೊರತು ಪ್ರಯೋಜನವಾಗಲಿಲ್ಲವೆಂದು ಗೂಗಲ್ ಸಂಸ್ಥೆಯ ಅಂದಿನ ಮಾನವ ಸಂಪನ್ಮೂಲ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲಿಯೇ ಒಪ್ಪಿಕೊಂಡರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರೋಗ್ರಾಂ ಬರೆಯುವುದನ್ನು ಯಂತ್ರವೇ ಮಾಡತೊಡಗಿದೆ. ಆನ್‌ಲೈನ್ ಪರೀಕ್ಷೆಗಳಲ್ಲಿ ನಕಲೂ ಸುಲಭವಾಗಿದೆ. ಕನಿಷ್ಠ ಒಂದು ಸುತ್ತಾದರೂ ಮುಖಾಮುಖಿ ನಡೆಯಬೇಕೆಂಬ ನಿಲುವನ್ನು ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2025ರಲ್ಲಿ ಪ್ರಕಟಿಸಿದ್ದು ಇದೇ ಹಿನ್ನೆಲೆಯಲ್ಲಿ. ಯಂತ್ರ ಬರೆದುಕೊಟ್ಟದ್ದು ಸರಿಯೇ ಎಂದು ಹೇಳಬಲ್ಲವರ ಬೆಲೆ ಇದರಿಂದ ಹೆಚ್ಚಿದೆ.

ಎಲ್ಲ ಸೋಲೂ ಅಭ್ಯರ್ಥಿಯದೇ ಎಂದು ತಿಳಿಯಬೇಕಾಗಿಲ್ಲ. 2001ರಲ್ಲಿ, 2008ರಲ್ಲಿ, ಮತ್ತೆ 2023ರಲ್ಲಿ ನೇಮಕಾತಿ ಕುಸಿದಾಗ ಸಮರ್ಥರೂ ಕಾಯಬೇಕಾಯಿತು. ಇಂಥ ಹೊತ್ತಿನಲ್ಲಿ ಠೇವಣಿ ಕೇಳಿ ಕೆಲಸ ಕೊಡಿಸುವೆವೆಂಬ ಮಧ್ಯವರ್ತಿಗಳು ಹುಟ್ಟಿಕೊಳ್ಳುತ್ತಾರೆ; ಹಣ ಕೇಳಿದ ಕಡೆ ಕೆಲಸವಿರುವುದಿಲ್ಲ ಎಂಬ ಎಚ್ಚರ ಪೋಷಕರಿಗಿರಲಿ.

ಕಾಲೇಜುಗಳ ಹೊಣೆಯೂ ಇಲ್ಲಿದೆ. ಕೆಲಸ ಸಿಕ್ಕವರ ಭಾವಚಿತ್ರಗಳನ್ನು ಜಾಹೀರಾತಿನಲ್ಲಿ ಮೆರೆಸುವ ಸಂಸ್ಥೆಗಳು ಸಂದರ್ಶನಕ್ಕೆ ಹದಿನೈದು ದಿನ ಮೊದಲು ತರಬೇತಿ ಏರ್ಪಡಿಸಿ ಕೈತೊಳೆದುಕೊಳ್ಳುತ್ತವೆ. ಇದು ಯುದ್ಧಕಾಲದ ಶಸ್ತ್ರಾಭ್ಯಾಸ. ಎರಡನೆಯ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಯೂ ಆಗಾಗ ಹತ್ತು ನಿಮಿಷ ಕಪ್ಪುಹಲಗೆಯ ಮುಂದೆ ನಿಂತು ವಿವರಿಸುವಂತಾಗಬೇಕು. ಪ್ರಯೋಗಾಲಯದ ಮೌಖಿಕ ಪರೀಕ್ಷೆ ಶಾಸ್ತ್ರಕ್ಕೆ ನಡೆಯದೆ ನಿಜಕ್ಕೂ ನಡೆಯಬೇಕು. ಇದಕ್ಕೆ ಹೊಸ ಕಟ್ಟಡವಾಗಲಿ ಅನುದಾನವಾಗಲಿ ಬೇಕಿಲ್ಲ. ಅಕ್ಕನೋ ಚಿಕ್ಕಪ್ಪನೋ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನಗರದ ಮಕ್ಕಳಿಗೆ ಅಣಕು ಸಂದರ್ಶನ ಊಟದ ಮನೆಯಲ್ಲಿಯೇ ನಡೆಯುತ್ತದೆ. ಮನೆತನದಲ್ಲಿಯೇ ಮೊದಲ ಪದವೀಧರಳಾಗಲಿರುವ ಹಳ್ಳಿಯ ಹುಡುಗಿಯನ್ನು ಎದುರು ಕೂರಿಸಿಕೊಂಡು ‘ಏಕೆ’ ಎಂದು ಕೇಳಲು ಆಕೆಯ ಅಧ್ಯಾಪಕರನ್ನು ಬಿಟ್ಟರೆ ಬೇರೆ ಯಾರಿದ್ದಾರೆ?