ಉಗುರಿನ ಧೂಳು, ಕಣ್ಣಿನ ಲೆನ್ಸ್

ಕಳೆದ ರಜೆಯಲ್ಲಿ ಬೆಂಗಳೂರಿನ ಕಲ್ಯಾಣ ನಗರಕ್ಕೆ ಹೋಗಿದ್ದೆವು. ಊರು ಬಿಟ್ಟು ಅಲ್ಲಿ ನೆಲೆಸಿದ ನಮ್ಮ ಹತ್ತಿರದ ಕುಟುಂಬವೊಂದಿದೆ. ಆ ಮನೆಯ ಮಗಳು ಒಂದು ಕಾಲದಲ್ಲಿ ನಮ್ಮ ಮದ್ರಸದಲ್ಲೇ ಓದಿದವಳು. ಈಗ ಪಕ್ಕದ ಕಮ್ಮನಹಳ್ಳಿಯ ನೇಲ್ ಸಲೂನ್ ಒಂದರಲ್ಲಿ ಕೆಲಸ. ರಾತ್ರಿ ಮನೆಗೆ ಬಂದಾಗ ಅವಳ ಎರಡೂ ಕಣ್ಣು ಕೆಂಡದ ಹಾಗೆ ಇದ್ದವು. ಅತ್ತಿದ್ದಾಳೋ ಏನೋ ಅಂತ ನಮಗೆ ಗಾಬರಿ. "ಇಲ್ಲ ಉಸ್ತಾದ್, ಲೆನ್ಸ್ ಹಾಕಿದ್ದೇನೆ, ಅಂಗಡಿಯ ಧೂಳು" ಎಂದಳು. ಮತ್ತೆ ಅವಳೇ ಕೇಳಿದಳು, "ವುಝೂ ಮಾಡುವಾಗ ಇದನ್ನು ತೆಗೆಯಬೇಕಾ?"

ಉತ್ತರ ಸುಲಭ. ಮುಖ ತೊಳೆಯುವುದೆಂದರೆ ಕಣ್ಣಿನ ಒಳಗೆ ನೀರು ಹಾಯಿಸುವುದಲ್ಲ, ಹಾಗಾಗಿ ಲೆನ್ಸ್ ತೆಗೆಯಬೇಕಿಲ್ಲ. ಬೆರಳಿಗೆ, ಉಗುರಿಗೆ ಅಂಟಿದ ಜೆಲ್ ಮಾತ್ರ ನೀರನ್ನು ತಡೆಯುತ್ತದೆ, ಅದನ್ನು ತೆಗೆಯಲೇಬೇಕು. ಆದರೆ ನಮ್ಮ ಮನಸ್ಸು ನಿಂತದ್ದು ಆ ಪ್ರಶ್ನೆಯ ಮೇಲಲ್ಲ, ಆ ಕೆಂಪು ಕಣ್ಣುಗಳ ಮೇಲೆ.

ಈ ಕೆಲಸ ನಮ್ಮ ಹೆಣ್ಣುಮಕ್ಕಳಿಗೆ ಬೇಕಾ ಅಂತ ಕೇಳುವವರಿದ್ದಾರೆ. ಅದು ಬೇರೆ ಚರ್ಚೆ. ಆ ಮನೆಯ ಬಾಡಿಗೆ ಹೋಗುವುದು ಅವಳ ಸಂಬಳದಿಂದ.

ಅವಳ ದಿನ ಹೇಗಿರುತ್ತದೆ ಅಂತ ಕೇಳಿದೆವು, ಊರಿಗೆ ಬಂದ ಮೇಲೆ ಸ್ವಲ್ಪ ಓದಿಯೂ ನೋಡಿದೆವು. ಹಳೆಯ ಕೃತಕ ಉಗುರನ್ನು ಸಣ್ಣ ಡ್ರಿಲ್‌ನಿಂದ ಉಜ್ಜಬೇಕು, ಹಿಟ್ಟಿನಂಥ ಧೂಳು ಏಳುತ್ತದೆ. ಬಣ್ಣ ಕರಗಿಸಲು ಅಸಿಟೋನ್. ಅಕ್ರಿಲಿಕ್ ಉಗುರು ಕಟ್ಟಲು ಒಂದು ಪುಡಿ, ಒಂದು ದ್ರವ. ಆ ದ್ರವದ ವಾಸನೆಗೇ ತಲೆ ಸಿಡಿಯುತ್ತದೆ. ಇದೆಲ್ಲ ನಡೆಯುವುದು ಮುಖದಿಂದ ಒಂದು ಗೇಣು ದೂರದಲ್ಲಿ, ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಮೊದಲು ಈ ದ್ರವದಲ್ಲಿ ಮಿಥೈಲ್ ಮೆಥಾಕ್ರಿಲೇಟ್ ಬಳಸುತ್ತಿದ್ದರು. ಉಗುರು, ಚರ್ಮ ಹಾಳಾದ ದೂರುಗಳು ಬಂದು 1970ರ ದಶಕದಲ್ಲಿ ಅಮೆರಿಕದ ಎಫ್‌ಡಿಎ ಅಂಥ ಸರಕಿನ ವಿರುದ್ಧ ಕೋರ್ಟಿಗೆ ಹೋಗಿತ್ತು.

ಮೃದು ಲೆನ್ಸ್ ನೀರು ಹೀರಿಕೊಂಡ ಪ್ಲಾಸ್ಟಿಕ್. ನೀರು ಹೀರುವಂಥದ್ದು ಆವಿಯನ್ನೂ ಹೀರಬಲ್ಲದು. ಧೂಳಿನ ಕಣ ಅದರ ಅಡಿಗೆ ಸೇರಿದರೆ ರೆಪ್ಪೆ ಮಿಟುಕಿಸಿದಾಗಲೆಲ್ಲ ಕಣ್ಣಿನ ಕರಿಗುಡ್ಡೆಯ ಮೇಲೆ ಗೀರುತ್ತದೆ. ಒಂದು ಸ್ವಾರಸ್ಯ ನೋಡಿ: 1961ರಲ್ಲಿ ಪ್ರಾಗ್‌ನ ವಿಜ್ಞಾನಿ ಒಟ್ಟೋ ವಿಕ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಯಂತ್ರ ಕಟ್ಟಿ ಮೃದು ಲೆನ್ಸ್ ತಯಾರಿಸಿದ್ದು ಹೇಮಾ ಎಂಬ ರಾಸಾಯನಿಕದಿಂದ. ಅದೇ ಹೇಮಾ ಇಂದು ಬಹಳಷ್ಟು ಜೆಲ್ ಪಾಲಿಶ್‌ನಲ್ಲೂ ಇದೆ. ಲೆನ್ಸ್‌ನಲ್ಲಿ ಅದು ಪೂರ್ತಿ ಗಟ್ಟಿಯಾಗಿ ನಿರುಪದ್ರವಿಯಾಗಿರುತ್ತದೆ. ಬೆರಳಿಗೆ ಹತ್ತಿದ ಹಸಿ ಜೆಲ್ ಹಾಗಲ್ಲ, ಅಲರ್ಜಿ ತರುತ್ತದೆ. ಆ ಬೆರಳಿನಲ್ಲಿ ರೆಪ್ಪೆ ಮುಟ್ಟಿದರೆ ರೆಪ್ಪೆ ಊದಿಕೊಳ್ಳುತ್ತದೆ.

ಹಾಗಾದರೆ ಲೆನ್ಸ್ ಹಾಕಲೇಬಾರದಾ? 1978ರಲ್ಲಿ ಅಮೆರಿಕದ ನಿಯೋಶ್ ಸಂಸ್ಥೆ, ಕಣ್ಣು ಉರಿಸುವ ರಾಸಾಯನಿಕದ ಹತ್ತಿರ ಲೆನ್ಸ್ ಬೇಡ ಎಂದಿತ್ತು. 2005ರಲ್ಲಿ ಸಡಿಲಿಸಿತು, ಲೆನ್ಸ್ ಇರಲಿ, ಆದರೆ ಮೇಲೆ ರಕ್ಷಣಾ ಕನ್ನಡಕ ಇರಲೇಬೇಕು. ಲೆನ್ಸ್ ತಾನಾಗಿ ಕಣ್ಣಿಗೆ ಕಾವಲಲ್ಲ. ನಮ್ಮ ಹುಡುಗಿಯ ಮೇಜಿನ ಮೇಲೆ ಅಂಥ ಕನ್ನಡಕವೂ ಇಲ್ಲ, ಧೂಳೆಳೆಯುವ ಫ್ಯಾನೂ ಇಲ್ಲ. ನಮಗೆ ಕಂಡಂತೆ ಕೆಲಸದ ಹೊತ್ತಿಗೆ ನಂಬರ್ ಇರುವ ಸಾದಾ ಕನ್ನಡಕ, ಅದರ ಮೇಲೆ ಅಗಲದ ಗಾಗಲ್ ಹಾಕುವುದೇ ಲೇಸು. ಮಾಸ್ಕ್‌ನಿಂದ ಮಂಜು ಕವಿಯುವುದಾದರೆ ಮೂಗಿನ ತಂತಿ ಬಿಗಿ ಮಾಡಿ.

ಲೆನ್ಸ್ ಇದ್ದಾಗ ದ್ರವ ಸಿಡಿದರೆ ಮೊದಲು ಲೆನ್ಸ್ ಹುಡುಕುತ್ತಾ ನಿಲ್ಲಬೇಡಿ. ತಕ್ಷಣ ಧಾರಾಳ ನೀರಿನಲ್ಲಿ ಕಣ್ಣು ತೊಳೆಯುತ್ತಾ ಇರಿ, ಕೈ ಶುದ್ಧವಾಗಿದ್ದರೆ ನಡುವೆಯೇ ಲೆನ್ಸ್ ತೆಗೆಯಿರಿ, ಮತ್ತೆ ನೇರ ಆಸ್ಪತ್ರೆಗೆ. ಉಳಿದ ಹೊತ್ತಿನಲ್ಲಿ ನಲ್ಲಿ ನೀರು, ಟ್ಯಾಂಕರ್ ನೀರು ಲೆನ್ಸ್‌ಗೆ ತಾಗಬಾರದು, ಅದರ ಡಬ್ಬಿಯನ್ನೂ ಅದರಲ್ಲಿ ತೊಳೆಯಬಾರದು. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಅಲ್ಲಿಂದ ಬಂದು ದೃಷ್ಟಿಯನ್ನೇ ಕಳೆಯಬಲ್ಲದು. ವುಝೂ ಮಾಡುವಾಗ ಕಣ್ಣು ಗಟ್ಟಿ ಮುಚ್ಚಿ ಎಂದು ಅವಳಿಗೆ ಹೇಳಿದ್ದು ಇದಕ್ಕೇ. ನೋವು, ಮಬ್ಬು, ಬೆಳಕು ನೋಡಲಾಗದ ಉರಿ ಇದ್ದರೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಬೆಂಗಳೂರಿನಲ್ಲಿ ಸರಕಾರದ್ದೇ ಮಿಂಟೋ ಕಣ್ಣಾಸ್ಪತ್ರೆ ಇದೆ. ಮೆಡಿಕಲ್‌ನವನು ಕೊಟ್ಟ ಸ್ಟಿರಾಯ್ಡ್ ಹನಿ ಹಾಕಿದರೆ ಸೋಂಕು ಇನ್ನೂ ಕೆಡುತ್ತದೆ.

ಇಷ್ಟು ಹೇಳಿ, ಕನ್ನಡಕ ಯಾಕೆ ಬಿಟ್ಟೆ ಅಂತ ಕೇಳಿದೆವು. ಅವಳು ಉಮ್ಮನ ಮುಖ ನೋಡಿದಳು. ಉಮ್ಮ ತಲೆ ತಗ್ಗಿಸಿದರು. ಎರಡು ಕಡೆಯವರು ನೋಡಲು ಬಂದವರು, "ಹುಡುಗಿಗೆ ಸೋಡಾ ಗ್ಲಾಸಾ?" ಅಂತ ಕೇಳಿ ಎದ್ದು ಹೋದರಂತೆ. ಅಂದಿನಿಂದ ಲೆನ್ಸ್. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ, ಒಂದು ತಿಂಗಳ ಲೆನ್ಸನ್ನು ಎರಡು ತಿಂಗಳು. ನೋಡಲು ಹೋಗುವವರು ನಮ್ಮವರೇ ಅಲ್ಲವೇ, ಓದುವ ಮನೆಗಳಲ್ಲೂ ಇದ್ದಾರು.

ಮೊನ್ನೆ ಉಮ್ಮ ಫೋನ್ ಮಾಡಿದ್ದರು. ಡಾಕ್ಟರು ಎರಡು ವಾರ ಲೆನ್ಸ್ ಮುಟ್ಟಬೇಡ ಎಂದಿದ್ದಾರೆ. ಬೀರುವಿನಲ್ಲಿ ತೆಗೆದಿಟ್ಟಿದ್ದ ಹಳೆಯ ಕನ್ನಡಕವನ್ನು ತಾನೇ ಹುಡುಕಿ ಕೊಟ್ಟೆ, ಒಂದು ಕಾಲು ಸಡಿಲ ಆಗಿತ್ತು, ಸರಿ ಮಾಡಿಸಿದೆ ಎಂದರು.