ಗಣಕಯಂತ್ರದ ಫ್ಯಾನುಗಳು: ಜೋಡಣೆ ಮತ್ತು ನಿಯಂತ್ರಣ

ಗ್ರಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರಸ್ತೆಯು ಗಣಕಯಂತ್ರದ ಬಿಡಿಭಾಗಗಳಿಗೆ ಹೆಸರಾದ ಮಾರುಕಟ್ಟೆ. ಅಲ್ಲಿಂದ ಭಾಗಗಳನ್ನು ತಂದು ಮನೆಯಲ್ಲಿಯೇ ಯಂತ್ರವನ್ನು ಜೋಡಿಸಿಕೊಳ್ಳುವವರು ಮುಂಬಯಿ ಕನ್ನಡಿಗರಲ್ಲಿಯೂ ಇದ್ದಾರೆ. ಪ್ರೊಸೆಸರ್ ಆಯ್ಕೆಯಲ್ಲಿ ನಾವು ತೋರುವ ಶ್ರದ್ಧೆಯನ್ನು ಫ್ಯಾನಿನ ವಿಷಯದಲ್ಲಿ ತೋರುವುದಿಲ್ಲ. ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ, ಹಳೆಯ ಸ್ಮರಣ ಸಂಚಿಕೆಯ ಪುಟಗಳನ್ನು ಸ್ಕ್ಯಾನ್ ಮಾಡುತ್ತಿದ್ದಾಗ ನಮ್ಮ ಯಂತ್ರವು ಏಕಾಏಕಿ ಆರಿಹೋಯಿತು. ಉಳಿಸದಿದ್ದ ಕೆಲಸವೆಲ್ಲ ನಷ್ಟವಾಯಿತು. ನಾವು ಕಟ್ಟದೆ ಬಿಟ್ಟಿದ್ದ ತಂತಿಯೊಂದು ಪ್ರೊಸೆಸರಿನ ಫ್ಯಾನಿಗೆ ಸಿಕ್ಕಿ, ಅದು ನಿಂತುಹೋಗಿತ್ತು. ಉಷ್ಣತೆ ಮಿತಿಮೀರಿದಾಗ ಪ್ರೊಸೆಸರ್ ಮೊದಲು ವೇಗ ತಗ್ಗಿಸುತ್ತದೆ. ಅದೂ ಸಾಲದಾದರೆ ಯಂತ್ರವೇ ಆರುತ್ತದೆ.

ಪ್ರೊಸೆಸರಿನ ಫ್ಯಾನನ್ನು ಮದರ್‌ಬೋರ್ಡಿನಲ್ಲಿ 'ಸಿಪಿಯು ಫ್ಯಾನ್' ಎಂದು ಗುರುತಿಸಿರುವ ಪಿನ್ನುಗಳಿಗೇ ಜೋಡಿಸಬೇಕು. ಅಲ್ಲಿ ಫ್ಯಾನ್ ತಿರುಗದಿದ್ದರೆ ಸಾಮಾನ್ಯವಾಗಿ ಯಂತ್ರ ಆರಂಭವಾಗುವಾಗಲೇ ಎಚ್ಚರಿಕೆ ಕಾಣಿಸುತ್ತದೆ, ಅದನ್ನು ಉಪೇಕ್ಷಿಸಬಾರದು.

ಫ್ಯಾನುಗಳಲ್ಲಿ ಮುಖ್ಯವಾಗಿ ಎರಡು ಬಗೆ. 3 ಪಿನ್ನಿನದರಲ್ಲಿ ಒಂದು ತಂತಿ ಅರ್ಥ್, ಒಂದು 12 ವೋಲ್ಟ್ ವಿದ್ಯುತ್ತು, ಇನ್ನೊಂದು ವೇಗವನ್ನು ತಿಳಿಸುವಂಥದ್ದು. ವೋಲ್ಟೇಜು ಇಳಿಸಿದರೆ ಇದರ ವೇಗ ಇಳಿಯುತ್ತದೆ. 4 ಪಿನ್ನಿನದರಲ್ಲಿ 12 ವೋಲ್ಟ್ ಸ್ಥಿರವಾಗಿದ್ದು, ನಾಲ್ಕನೆಯ ತಂತಿಯ ಮೂಲಕ ಸೆಕೆಂಡಿಗೆ ಸುಮಾರು 25,000 ಬಾರಿ ಬರುವ ಸಂಕೇತವು ವೇಗವನ್ನು ನಿರ್ಧರಿಸುತ್ತದೆ. ಇದಕ್ಕೆ ಪಿಡಬ್ಲ್ಯುಎಂ ಎಂದು ಹೆಸರು. 3 ಪಿನ್ನಿನ ಫ್ಯಾನನ್ನು 4 ಪಿನ್ನಿನ ಜಾಗಕ್ಕೂ ಜೋಡಿಸಬಹುದು. ಆದರೆ ಬಯಾಸಿನಲ್ಲಿ 'ಡಿಸಿ' ವಿಧಾನವನ್ನು ಆರಿಸದಿದ್ದರೆ ಅದು ಸದಾ ಪೂರ್ಣ ವೇಗದಲ್ಲಿ ಸದ್ದು ಮಾಡುತ್ತಿರುತ್ತದೆ.

ಒಂದೇ ಜಾಗದಿಂದ ಕವಲು ತಂತಿ ಹಾಕಿ ಹಲವು ಫ್ಯಾನುಗಳನ್ನು ನಡೆಸುವವರು ಪ್ರತಿ ಫ್ಯಾನಿನ ಮೇಲೆ ಮುದ್ರಿಸಿರುವ ಆಂಪಿಯರ್ ಅಂಕಿಗಳನ್ನು ಕೂಡಿಸಿ ನೋಡಬೇಕು. ಬಹುತೇಕ ಮದರ್‌ಬೋರ್ಡುಗಳಲ್ಲಿ ಒಂದು ಜಾಗದ ಮಿತಿ 1 ಆಂಪಿಯರ್. ಅದನ್ನು ಮೀರಿದರೆ ಬೋರ್ಡಿಗೇ ಅಪಾಯ.

ಗಾಳಿಯು ಮುಂದಿನಿಂದ ಒಳಬಂದು ಹಿಂಬದಿಯಿಂದಲೂ ಮೇಲಿನಿಂದಲೂ ಹೊರಹೋಗಬೇಕು. ಫ್ಯಾನಿನ ಆಧಾರಪಟ್ಟಿಗಳಿರುವ ಬದಿಯಿಂದ ಸಾಮಾನ್ಯವಾಗಿ ಗಾಳಿ ಹೊರಬೀಳುತ್ತದೆ. ಬಯಾಸಿನಲ್ಲಿ ಉಷ್ಣತೆಗೆ ತಕ್ಕಂತೆ ವೇಗವನ್ನು ನಿಗದಿಪಡಿಸಬಹುದು: ಉದಾಹರಣೆಗೆ 40 ಡಿಗ್ರಿಯವರೆಗೆ ಶೇ. 40, 75 ಡಿಗ್ರಿಗೆ ಪೂರ್ಣ ವೇಗ. ಆದರೆ ಯಾವ ಫ್ಯಾನೂ ಯಂತ್ರವನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ತಂಪಾಗಿಸಲಾರದು. ಮುಂಬಯಿಯ ಸೆಕೆಯಲ್ಲಿ, ಅದರಲ್ಲೂ ಇಕ್ಕಟ್ಟಾದ ಮನೆಗಳಲ್ಲಿ, ಯಂತ್ರವನ್ನು ಮುಚ್ಚಿದ ಕಪಾಟಿನೊಳಗೆ ಇಡುವುದು ಸಲ್ಲದು.

ಕೆಲವು ತಿಂಗಳಿಗೊಮ್ಮೆ ವಿದ್ಯುತ್ ಪ್ಲಗ್ಗನ್ನು ಕಿತ್ತು, ರೆಕ್ಕೆಗಳು ತಿರುಗದಂತೆ ಹಿಡಿದು ಧೂಳನ್ನು ತೆಗೆಯಬೇಕು. ಸಡಿಲ ತಂತಿಗಳನ್ನು ಕಟ್ಟಬೇಕು. ಹತ್ತು ನಿಮಿಷದ ಈ ಕೆಲಸವನ್ನು ನಾವು ಮೊದಲೇ ಮಾಡಿದ್ದರೆ ಆ ಮಧ್ಯಾಹ್ನದ ಶ್ರಮವು ವ್ಯರ್ಥವಾಗುತ್ತಿರಲಿಲ್ಲ.